ಹನಿ ಬಿದ್ದುದು ಎಲ್ಲಿಂದ?

ನಮ್ಮ ಮಿತ್ರರೊಬ್ಬರ ಬಳಿ ಹಳೆಯ ಮೋಟಾರು ಕಾರೊಂದಿದೆ. ಅದನ್ನು ಅವರು ಬಹು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಕೆಲವು ತಿಂಗಳ ಹಿಂದೆ ಒಂದು ಮುಂಜಾನೆ ಕಾರನ್ನು ಷೆಡ್ಡಿನಿಂದ ಹೊರಕ್ಕೆ ತೆಗೆದಾಗ, ಅದು ನಿಂತಿದ್ದೆಡೆಯಲ್ಲಿ ಅಂಗೈಯಗಲದ ಕೆಂಪು ಕಲೆಯೊಂದು ಅವರ ಕಣ್ಣಿಗೆ ಬಿದ್ದಿತು. ಮರುದಿನವೂ ಅಲ್ಲಿಯೇ ಕಲೆ ಬಿದ್ದಿತ್ತು. ಅವರು ಕಾರನ್ನು ವರ್ಕ್‌ಷಾಪಿಗೆ ಒಯ್ದು ತೋರಿಸಿದರು. ಅಲ್ಲಿಯ ಕೆಲಸಗಾರನು ಅಡಿಯಲ್ಲಿ ಬಗ್ಗಿ ನೋಡಿ, ಎಣ್ಣೆ ತೊಟ್ಟಿಕ್ಕುತ್ತಿರುವುದು ಸ್ಟೀರಿಂಗ್ ರ್‍ಯಾಕಿನಿಂದ ಎಂದೂ ಅದನ್ನು ಪೂರ್ತಿಯಾಗಿ ಬದಲಾಯಿಸಬೇಕೆಂದೂ ತೀರ್ಪು ಕೊಟ್ಟನು. ಅದಕ್ಕೆ ತಗಲುವ ವೆಚ್ಚವನ್ನು ಕೇಳಿ ಮಿತ್ರರು ನಮ್ಮಲ್ಲಿಗೆ ಬಂದರು. "ಏನ್ರೀ, ವರ್ಷವೆಲ್ಲ ಹುಡುಗರಿಗೆ ದ್ರವಗಳ ಒತ್ತಡದ ಪಾಠ ಹೇಳುತ್ತೀರಲ್ಲ, ಈ ಹನಿ ಎಲ್ಲಿಂದ ಬೀಳುತ್ತಿದೆ ಅಂತ ಹೇಳಿ ನೋಡೋಣ" ಎಂದು ಕೇಳಿದರು.

ನಾವು ಮೋಟಾರು ರಿಪೇರಿ ಬಲ್ಲವರಲ್ಲ. ಆದರೆ ಪ್ರಶ್ನೆಯು ಭೌತವಿಜ್ಞಾನಕ್ಕೆ ಸೇರಿದುದೆಂಬುದರಲ್ಲಿ ಸಂದೇಹವಿರಲಿಲ್ಲ. ನೆಲದ ಮೇಲಿನ ಕಲೆಯು ಹನಿ ಬಿದ್ದ ಸ್ಥಳವನ್ನು ಮಾತ್ರ ತಿಳಿಸುತ್ತದೆ. ಹನಿ ಹುಟ್ಟಿದ ಸ್ಥಳವನ್ನು ತಿಳಿಸುವುದಿಲ್ಲ. ಈ ಎರಡು ಸ್ಥಳಗಳ ನಡುವಿನ ದಾರಿಯನ್ನು ಹಿಮ್ಮುಖವಾಗಿ ನಡೆದು ನೋಡದೆ ಕೊಡುವ ತೀರ್ಪು ಊಹೆಯೇ ಹೊರತು ಪರೀಕ್ಷೆಯಲ್ಲ. ಆ ದಾರಿಯನ್ನು ನಡೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಇದರಲ್ಲಿ ಬರುವ ತತ್ತ್ವಗಳಲ್ಲಿ ಹೆಚ್ಚಿನವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಆಗಲೇ ಓದಿರುತ್ತಾರೆ.

ಎಣ್ಣೆಗೇನು ಕೆಲಸ?

ಕಾರಿನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಮುಂದಿನ ಎರಡು ಗಾಲಿಗಳ ಮೇಲೆ ಇರುತ್ತದೆ. ಕಾರು ನಿಂತಿರುವಾಗ ಅಥವಾ ಬಹು ಮೆಲ್ಲಗೆ ಚಲಿಸುತ್ತಿರುವಾಗ ಈ ಗಾಲಿಗಳನ್ನು ಹೊರಳಿಸಬೇಕಾದರೆ, ಟೈರು ನೆಲಕ್ಕೆ ಉಜ್ಜುವ ಘರ್ಷಣೆಯನ್ನೆಲ್ಲ ತೋಳ್ಬಲದಿಂದಲೇ ಗೆಲ್ಲಬೇಕಾಗುತ್ತದೆ. ಈ ಶ್ರಮವನ್ನು ಕಡಮೆ ಮಾಡಲು ಎಂಜಿನ್ನಿನ ಶಕ್ತಿಯಲ್ಲಿ ಒಂದಂಶವನ್ನು ಎರವಲು ಪಡೆಯುವ ಉಪಾಯವೇ ಪವರ್ ಸ್ಟೀರಿಂಗ್. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪುಟ್ಟ ಪಂಪೊಂದು ಡಬ್ಬಿಯಿಂದ ಎಣ್ಣೆಯನ್ನು ಹೀರಿ, ಒತ್ತಡದಿಂದ ಸ್ಟೀರಿಂಗ್ ರ್‍ಯಾಕಿಗೆ ಕಳುಹಿಸುತ್ತದೆ. ರ್‍ಯಾಕಿನೊಳಗೆ ಒಂದು ಸಿಲಿಂಡರು, ಅದರೊಳಗೆ ಒಂದು ಪಿಸ್ಟನ್ ಇವೆ. ನಾವು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಕವಾಟವೊಂದು ಪಿಸ್ಟನ್ನಿನ ಒಂದು ಪಕ್ಕಕ್ಕೆ ಎಣ್ಣೆಯನ್ನು ಬಿಡುತ್ತದೆ. ಎಡಕ್ಕೆ ತಿರುಗಿಸಿದರೆ ಇನ್ನೊಂದು ಪಕ್ಕಕ್ಕೆ ಬಿಡುತ್ತದೆ. ಕೆಲಸ ಮುಗಿಸಿದ ಎಣ್ಣೆಯು ಬೇರೊಂದು ಹೋಸ್ ಪೈಪಿನ ಮೂಲಕ ಡಬ್ಬಿಗೆ ಹಿಂತಿರುಗುತ್ತದೆ.

ಇದರ ಹಿಂದಿರುವುದು ಪಾಸ್ಕಲ್ಲನ ನಿಯಮ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆಯಲ್ಲಿ ಒತ್ತಡವನ್ನು ಹೆಚ್ಚಿಸಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಅವನು ತೋರಿಸಿದನು. ಪಿಸ್ಟನ್ನಿನ ವಿಸ್ತೀರ್ಣ 6 ಚದರ ಸೆಂಟಿಮೀಟರು, ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಪಿಸ್ಟನ್ನನ್ನು ತಳ್ಳುವ ಬಲವು 300 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ಕೊನೆಯವರೆಗೆ ತಿರುಗಿಸಿ ಹಿಡಿದಾಗ ಅನೇಕ ಕಾರುಗಳಲ್ಲಿ ಒತ್ತಡವು 80ರಿಂದ 100 ಕಿಲೋಗ್ರಾಮಿನವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡ ಸುಮಾರು 2 ಕಿಲೋಗ್ರಾಂ ಮಾತ್ರ. ಬೆರಳುಗಾತ್ರದ ಪೈಪೊಂದು ಟೈರಿನ ನಲವತ್ತು ಐವತ್ತು ಪಟ್ಟು ಒತ್ತಡವನ್ನು ತಡೆದುಕೊಳ್ಳಬೇಕಾಗಿದೆ ಎಂಬುದನ್ನು ಯೋಚಿಸಿದರೆ, ಎಣ್ಣೆ ಎಲ್ಲಾದರೊಂದು ಸಂದಿಯನ್ನು ಹುಡುಕಿಕೊಳ್ಳುವುದು ಆಶ್ಚರ್ಯವೆನಿಸುವುದಿಲ್ಲ.

ಸೋರಿಕೆಯೊಡನೆ ಹೋರಾಟ

ಒತ್ತಡದಲ್ಲಿರುವ ದ್ರವದಿಂದ ಕೆಲಸ ಮಾಡಿಸಿಕೊಳ್ಳಲು ಹೊರಟವರೆಲ್ಲರೂ ಸೋರಿಕೆಯೊಡನೆ ಹೋರಾಡಿದವರೇ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು 1795ರಲ್ಲಿ ನೀರಿನ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಪಿಸ್ಟನ್ನಿನ ಸುತ್ತ ನೀರು ಜಿನುಗದಂತೆ ಬಿಗಿಯಾಗಿ ಕಟ್ಟಿದರೆ ಪಿಸ್ಟನ್ ಅಲ್ಲಾಡದು; ಸಡಿಲ ಬಿಟ್ಟರೆ ನೀರು ನಿಲ್ಲದು. ಇದು ಅವನಿಗೆ ಎದುರಾದ ತೊಡಕು. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲೇ ಬಟ್ಟಲಿನಾಕಾರದ ಚರ್ಮದ ಪಟ್ಟಿಯೊಂದನ್ನು ಹೂಡಿ ಇದಕ್ಕೆ ಪರಿಹಾರ ಕಂಡನೆಂದು ಹೇಳುತ್ತಾರೆ. ನೀರಿನ ಒತ್ತಡವೇ ಚರ್ಮದ ಅಂಚನ್ನು ಪಿಸ್ಟನ್ನಿಗೆ ಅಮುಕುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚುತ್ತಿತ್ತು. ಇಂದಿನ ಕಾರಿನ ರಬ್ಬರ್ ಸೀಲುಗಳಲ್ಲಿ ಅನೇಕವು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಮೋಟಾರು ಗಾಡಿಗೆ ಎಣ್ಣೆಯ ಪವರ್ ಸ್ಟೀರಿಂಗನ್ನು ಒದಗಿಸಿದವರಲ್ಲಿ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಮುಖ್ಯನಾದವನು. 1926ರಲ್ಲಿ ಅವನು ಪಿಯರ್ಸ್-ಆ್ಯರೋ ಕಾರೊಂದಕ್ಕೆ ತನ್ನ ಯಂತ್ರವನ್ನು ಜೋಡಿಸಿ ಓಡಿಸಿ ತೋರಿಸಿದನು. ಅವನು ಹಿಡಿದ ದಾರಿಯಲ್ಲಿ, ಸ್ಟೀರಿಂಗ್ ನೇರವಾಗಿರುವಾಗ ಕವಾಟ ತೆರೆದೇ ಇದ್ದು ಎಣ್ಣೆ ಅಡೆತಡೆಯಿಲ್ಲದೆ ಸುತ್ತುತ್ತಿರುತ್ತದೆ; ತಿರುಗಿಸಿದಾಗ ಮಾತ್ರ ಒತ್ತಡ ಏರುತ್ತದೆ. ಸದಾ ಒತ್ತಡವಿಲ್ಲದಿರುವುದರಿಂದ ಸೀಲುಗಳ ಮೇಲಿನ ಭಾರ ಕಡಮೆಯಾಗುತ್ತದೆ. ಮಾರಾಟದ ಕಾರಿನಲ್ಲಿ ಈ ಸೌಕರ್ಯವು ಮೊದಲು ಬಂದುದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ. ತಿರುಗಿಸಿದಾಗ ಮಾತ್ರ ಒತ್ತಡ ಏರುತ್ತದೆ ಎಂಬ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಸೋರಿಕೆಯನ್ನು ಹುಡುಕುವಾಗ ಅದೇ ನಮಗೆ ದೊಡ್ಡ ಸುಳಿವಾಗುತ್ತದೆ.

ಮೊದಲು ಮಾಡಬೇಕಾದುದು

ಕಾರಿನಲ್ಲಿ ಎಣ್ಣೆಯ ಪವರ್ ಸ್ಟೀರಿಂಗ್ ಇದೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಜಪಾನಿನಲ್ಲಿ 1988ರಲ್ಲಿ ಸುಜುಕಿ ಸರ್ವೋ ಎಂಬ ಸಣ್ಣ ಕಾರಿಗೆ ವಿದ್ಯುತ್ ಮೋಟಾರಿನಿಂದ ನಡೆಯುವ ಪವರ್ ಸ್ಟೀರಿಂಗನ್ನು ಜೋಡಿಸಿದರು. ಇಂದು ಹೊಸ ಕಾರುಗಳಲ್ಲಿ ಬಹುಪಾಲಿಗೆ ಇದೇ ಬಗೆಯ ಏರ್ಪಾಡು ಇದೆ. ಅವುಗಳ ಸ್ಟೀರಿಂಗಿಗೆ ಪಂಪೂ ಇಲ್ಲ, ಎಣ್ಣೆಯ ಡಬ್ಬಿಯೂ ಇಲ್ಲ. ಆದುದರಿಂದ ಸೋರುವ ಮಾತೂ ಇಲ್ಲ. ಹಳೆಯ ಕಾರುಗಳು, ಲಾರಿ ಬಸ್ಸುಗಳು, ಅನೇಕ ದೊಡ್ಡ ಗಾಡಿಗಳು ಇವುಗಳಲ್ಲಿ ಎಣ್ಣೆಯ ಏರ್ಪಾಡು ಈಗಲೂ ಉಂಟು. ಬಾನೆಟ್ಟನ್ನು ಎತ್ತಿ ನೋಡಿದರೆ ಮುಚ್ಚಳದ ಮೇಲೆ ಸ್ಟೀರಿಂಗಿನ ಚಿತ್ರವಿರುವ ಪುಟ್ಟ ಡಬ್ಬಿ ಸಾಮಾನ್ಯವಾಗಿ ಕಾಣಸಿಗುತ್ತದೆ.

ಇನ್ನು ಒಂದು ಮೂಲಸೂತ್ರ. ಪೆಟ್ರೋಲಿನಂತೆ ಈ ಎಣ್ಣೆ ಉರಿದುಹೋಗುವುದಿಲ್ಲ. ನೀರಿನಂತೆ ಆವಿಯಾಗಿ ಹೋಗುವುದೂ ಇಲ್ಲವೆನ್ನಬಹುದು. ಮುಚ್ಚಿದ ದಾರಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಆದುದರಿಂದ ಡಬ್ಬಿಯ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ, ನೆಲದ ಮೇಲೆ ಕಲೆ ಬೀಳಲಿ ಬೀಳದಿರಲಿ, ಎಲ್ಲಿಯೋ ಸೋರಿಕೆ ಇದೆಯೆಂದೇ ಅರ್ಥ. ತಿಂಗಳಿಗೊಮ್ಮೆ ಎಣ್ಣೆ ಸುರಿದು ಸುಮ್ಮನಾಗುವವರು ರೋಗವನ್ನು ಬಿಟ್ಟು ನಿಶ್ಶಕ್ತಿಗೆ ಮಾತ್ರ ಔಷಧ ಕೊಡುತ್ತಿದ್ದಾರೆ.

ಮಟ್ಟವನ್ನು ನೋಡುವಾಗಲೂ ಎಚ್ಚರ ಬೇಕು. ಅನೇಕ ಡಬ್ಬಿಗಳ ಮೇಲೆ ಬಿಸಿಯಾಗಿರುವಾಗಿನ ಮಟ್ಟ, ತಣ್ಣಗಿರುವಾಗಿನ ಮಟ್ಟ ಎಂದು ಎರಡು ಬೇರೆ ಗುರುತುಗಳಿರುತ್ತವೆ. ಏಕೆಂದರೆ ಕಾಯಿದ ಎಣ್ಣೆಯು ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಇಂಥ ಎಣ್ಣೆಯ ಗಾತ್ರವು ಸುಮಾರು ಹತ್ತು ಸಾವಿರದಲ್ಲಿ ಏಳು ಪಾಲಿನಷ್ಟು ಹೆಚ್ಚುತ್ತದೆ. ಒಟ್ಟು ಒಂದು ಲೀಟರು ಎಣ್ಣೆ ಇದ್ದು, ಮುಂಜಾನೆಯ 20 ಡಿಗ್ರಿಯಿಂದ ದೀರ್ಘ ಪ್ರಯಾಣದ ಬಳಿಕ 80 ಡಿಗ್ರಿಗೆ ಏರಿತೆನ್ನೋಣ. ಆಗ ಗಾತ್ರವು 42 ಮಿಲಿಲೀಟರು ಹೆಚ್ಚಾಗಿರುತ್ತದೆ. ಡಬ್ಬಿಯ ಅಡ್ಡಳತೆಯ ವಿಸ್ತೀರ್ಣ 40 ಚದರ ಸೆಂಟಿಮೀಟರಾದರೆ ಮಟ್ಟವು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಏರುತ್ತದೆ. ನಿನ್ನೆ ಸಂಜೆ ಬಿಸಿಯಲ್ಲಿ ನೋಡಿದ ಮಟ್ಟವನ್ನು ಇಂದು ಬೆಳಗಿನ ತಣ್ಣನೆಯ ಮಟ್ಟದೊಡನೆ ಹೋಲಿಸಿದರೆ, ಇಲ್ಲದ ಸೋರಿಕೆ ಇದ್ದಂತೆ ತೋರುತ್ತದೆ! ಸಮತಟ್ಟಾದ ನೆಲದ ಮೇಲೆ, ಎಂಜಿನ್ ನಿಲ್ಲಿಸಿ, ಪ್ರತಿಸಲವೂ ಒಂದೇ ಸ್ಥಿತಿಯಲ್ಲಿ ಅಳೆಯುವುದು ಯೋಗ್ಯ. ಪ್ರಯೋಗಶಾಲೆಯ ಅಳತೆಗೂ ಇದೇ ನಿಯಮವಲ್ಲವೇ?

ಬಿದ್ದ ಹನಿ ಯಾವುದು?

ಕಾರಿನಡಿ ಬೀಳುವುದೆಲ್ಲ ಸ್ಟೀರಿಂಗಿನ ಎಣ್ಣೆಯಲ್ಲ. ರಾತ್ರಿ ಕಾರನ್ನು ನಿಲ್ಲಿಸುವಾಗ ಮುಂಭಾಗದ ಕೆಳಗೆ ಬಿಳಿಯ ರಟ್ಟನ್ನೋ ಹಳೆಯ ವೃತ್ತಪತ್ರಿಕೆಯನ್ನೋ ಹಾಸಿ, ಗಾಲಿಗಳಿರುವ ಸ್ಥಾನವನ್ನು ಅದರ ಮೇಲೆ ಗುರುತು ಮಾಡಬೇಕು. ಬೆಳಗ್ಗೆ ಬಿದ್ದಿರುವ ಹನಿಯ ಬಣ್ಣ, ವಾಸನೆ, ಸ್ಥಾನ ಇವನ್ನು ನೋಡಬೇಕು. ಹವಾನಿಯಂತ್ರಣದ ಪೆಟ್ಟಿಗೆಯಿಂದ ಬೀಳುವುದು ಶುದ್ಧ ನೀರು. ಕಾಗದದ ಮೇಲೆ ಆರಿ ಮಾಯವಾಗುತ್ತದೆ. ರೇಡಿಯೇಟರಿನ ದ್ರವವು ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿದ್ದು ನೀರಿನಂತೆ ತೆಳ್ಳಗಿರುತ್ತದೆ, ವಾಸನೆ ಸಿಹಿಯಾಗಿರುತ್ತದೆ. ಇದು ವಿಷ, ನಾಲಗೆಗೆ ಸೋಕಿಸಬಾರದು. ಎಂಜಿನ್ ಆಯಿಲು ಕಂದು ಅಥವಾ ಕಪ್ಪು. ಪವರ್ ಸ್ಟೀರಿಂಗಿನ ಎಣ್ಣೆಯು ಅನೇಕ ಕಾರುಗಳಲ್ಲಿ ಕೆಂಪು, ಕೆಲವದರಲ್ಲಿ ಜೇನಿನ ಬಣ್ಣ, ಇನ್ನು ಕೆಲವದರಲ್ಲಿ ಹಸಿರು; ಹಳತಾದರೆ ಎಲ್ಲವೂ ಕಂದಾಗುತ್ತವೆ. ಗೇರುಪೆಟ್ಟಿಗೆಯ ಎಣ್ಣೆಯೂ ಕೆಲವು ಕಾರುಗಳಲ್ಲಿ ಕೆಂಪಾಗಿರುವುದರಿಂದ ಬಣ್ಣವೊಂದನ್ನೇ ನಂಬಬಾರದು. ಸ್ಟೀರಿಂಗಿನ ಡಬ್ಬಿಯ ಮಟ್ಟ ಇಳಿದಿದೆಯೇ ಎಂಬುದನ್ನೂ ನೋಡಬೇಕು.

ಬ್ರೇಕಿನ ದ್ರವವನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಮುಖ್ಯ. ಅದು ಬಹುಮಟ್ಟಿಗೆ ಬಣ್ಣವಿಲ್ಲದ್ದು ಅಥವಾ ತಿಳಿಹಳದಿಯಾದದ್ದು. ಹೆಚ್ಚಾಗಿ ಗಾಲಿಗಳ ಬಳಿ ಕಾಣಿಸಿಕೊಳ್ಳುತ್ತದೆ. ಸಂದೇಹವಿದ್ದರೆ ಒಂದು ಬಟ್ಟಲು ನೀರಿಗೆ ಒಂದು ಹನಿಯನ್ನು ಬಿಟ್ಟು ನೋಡಬಹುದು. ಸ್ಟೀರಿಂಗಿನ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಬ್ರೇಕಿನ ದ್ರವವು ಗ್ಲೈಕಾಲ್ ಜಾತಿಯದಾದುದರಿಂದ ನೀರಿನಲ್ಲಿ ಬೆರೆತುಹೋಗುತ್ತದೆ. ಹಾಗೆ ಬೆರೆತರೆ ಕಾರನ್ನು ಒಂದು ಗಜವೂ ಓಡಿಸಬಾರದು. ಬ್ರೇಕನ್ನು ಬಲ್ಲವರನ್ನು ಇದ್ದಲ್ಲಿಗೇ ಕರೆಸಬೇಕು.

ಹುಟ್ಟಿದ ಸ್ಥಳ

ನೀರಿಗಿಂತ ಎಣ್ಣೆಯ ಮೇಲ್ಮೈ ಎಳೆತ ಕಡಮೆ. ಅರ್ಧಕ್ಕಿಂತಲೂ ತುಸು ಕೆಳಗೆ. ಆದುದರಿಂದ ಎಣ್ಣೆಯು ಲೋಹದ ಮೇಲೆ ಮುತ್ತಿನಂತೆ ನಿಲ್ಲದೆ ತೆಳ್ಳನೆಯ ಪೊರೆಯಾಗಿ ಹಬ್ಬುತ್ತದೆ. ಮೇಲಿನ ಸಂದಿಯಿಂದ ಹೊರಟದ್ದು ಪೈಪಿನ ಹೊರಮೈಯನ್ನು ಹಿಡಿದು ಇಳಿದು, ಒಂದು ಅಡಿ ದೂರದ ತಗ್ಗಿನಲ್ಲಿ ಕೂಡಿ, ಅಲ್ಲಿಂದ ಹನಿಯಾಗಿ ಬೀಳಬಹುದು. ಕಾರು ಓಡುತ್ತಿರುವಾಗ ಎದುರುಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಹುಡುಕುವವರಿಗೆ ಒಂದು ಸರಳ ನಿಯಮ ದೊರೆಯುತ್ತದೆ: ಒದ್ದೆಯಾಗಿರುವ ಭಾಗಗಳಲ್ಲಿ ಅತ್ಯಂತ ಮೇಲಿನ ಮತ್ತು ಅತ್ಯಂತ ಮುಂದಿನ ಸ್ಥಳವನ್ನು ನೋಡು.

ಹಳೆಯ ಎಣ್ಣೆ ಧೂಳು ಹಿಡಿದು ಎಲ್ಲವನ್ನೂ ಕಪ್ಪಾಗಿ ಮುಚ್ಚಿದ್ದರೆ ಈ ನಿಯಮ ನಡೆಯದು. ಎಂಜಿನ್ ತಣ್ಣಗಿರುವಾಗ ಡಬ್ಬಿ, ಪಂಪು, ಪೈಪುಗಳು, ರ್‍ಯಾಕು ಇವನ್ನೆಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಬೇಕು. ಅನಂತರ ಮೂರು ಹಂತಗಳಲ್ಲಿ ನೋಡಬೇಕು. ಮೊದಲನೆಯದು, ಎಂಜಿನ್ ನಿಂತಿರುವಾಗ. ಆಗ ಪಂಪಿನ ಒತ್ತಡವಿಲ್ಲ. ಎಣ್ಣೆಯ ತೂಕ ಮಾತ್ರವಿದೆ. ಈ ಸ್ಥಿತಿಯಲ್ಲಿಯೇ ಒದ್ದೆಯಾದರೆ ಡಬ್ಬಿ, ಅದರ ಕೆಳಗಿನ ಪೈಪು, ಕ್ಲಿಪ್ಪುಗಳು ಇವುಗಳ ಮೇಲೆ ಸಂದೇಹ ಪಡಬೇಕು. ಎರಡನೆಯದು, ಎಂಜಿನ್ ನಡೆಯುತ್ತಿದ್ದು ಸ್ಟೀರಿಂಗ್ ನೇರವಾಗಿರುವಾಗ. ಆಗ ಎಣ್ಣೆ ಕಡಮೆ ಒತ್ತಡದಲ್ಲಿ ಸುತ್ತುತ್ತಿರುತ್ತದೆ. ಹಿಂತಿರುಗುವ ಪೈಪಿನ ಬಿರುಕು, ಪಂಪಿನ ದಂಡದ ಸೀಲು ಈಗ ಗುಟ್ಟು ಬಿಟ್ಟುಕೊಡಬಹುದು. ಮೂರನೆಯದು, ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರುವಾಗ. ಒತ್ತಡ ಏರಿದ ಗಳಿಗೆಯಲ್ಲಿ ಮಾತ್ರ ಜಿನುಗಿದರೆ ಪಂಪಿನಿಂದ ರ್‍ಯಾಕಿಗೆ ಹೋಗುವ ಪೈಪು, ಅದರ ಲೋಹದ ಜೋಡಣೆಗಳು ಅಥವಾ ರ್‍ಯಾಕಿನ ಒಳಸೀಲುಗಳು ಕಾರಣ. ಸ್ಟೀರಿಂಗನ್ನು ಕೊನೆಯಂಚಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಎಣ್ಣೆ ಬೇಗನೆ ಕಾದು ಪಂಪಿಗೆ ಕೇಡಾಗುತ್ತದೆ.

ರ್‍ಯಾಕಿನ ಎರಡು ತುದಿಗಳಲ್ಲಿಯೂ ಮಡಿಕೆ ಮಡಿಕೆಯಾದ ರಬ್ಬರ್ ಬೂಟುಗಳಿರುತ್ತವೆ. ತುದಿಯ ಸೀಲು ಕೆಟ್ಟಾಗ ಎಣ್ಣೆ ಮೊದಲು ಇವುಗಳೊಳಗೆ ತುಂಬಿಕೊಳ್ಳುತ್ತದೆ. ಬಹುಕಾಲ ಹೊರಗೆ ಏನೂ ಕಾಣಿಸದು. ಡಬ್ಬಿಯ ಮಟ್ಟ ಇಳಿಯುತ್ತಿದ್ದರೂ ನೆಲ ಒಣಗಿದ್ದರೆ ಬೂಟನ್ನು ಮೆಲ್ಲಗೆ ಅಮುಕಿ ನೋಡಬೇಕು. ಒಳಗೆ ದ್ರವ ಅಲ್ಲಾಡಿದರೆ ರ್‍ಯಾಕಿಗೆ ನಿಜವಾಗಿಯೂ ದೊಡ್ಡ ರಿಪೇರಿಯೇ ಬೇಕು. ಪಂಪಿನ ದಂಡದ ಸೀಲು ಕೆಟ್ಟರೆ ಕಪ್ಪಿಯು ಎಣ್ಣೆಯನ್ನು ಸುತ್ತಲೂ ಚಿಮ್ಮಿಸಿ ಬೆಲ್ಟನ್ನು ತೋಯಿಸುತ್ತದೆ.

ಎಣ್ಣೆಯ ಸ್ನಿಗ್ಧತೆಯೂ ಇಲ್ಲಿ ಆಟವಾಡುತ್ತದೆ. ಕೆಂಪು ಎಣ್ಣೆಯೊಂದರ ಸ್ನಿಗ್ಧತೆಯು 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ತಣ್ಣಗಿರುವಾಗ ದಪ್ಪವಾಗಿ ನಿಂತದ್ದು ಬಿಸಿಯಾದಾಗ ಅದೇ ಸಂದಿಯಲ್ಲಿ ಐದರಷ್ಟು ಹರಿಯಬಹುದು. ಇದಕ್ಕೆ ವಿರುದ್ಧವಾಗಿ, ಗಡುಸಾದ ಹಳೆಯ ರಬ್ಬರ್ ಸೀಲು ಚಳಿಯಲ್ಲಿ ಕುಗ್ಗಿ ಬೆಳಗ್ಗೆ ಸೋರಿ, ಬಿಸಿಯೇರಿದ ಮೇಲೆ ಹಿಗ್ಗಿ ಮುಚ್ಚಿಕೊಳ್ಳುವುದೂ ಉಂಟು. ಆದುದರಿಂದ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಒಮ್ಮೆ, ಹೀಗೆ ಎರಡು ಸಲ ನೋಡಿಯೇ ನಿರ್ಧರಿಸಬೇಕು.

ಗಾಳಿ ಒಳಹೊಕ್ಕರೆ

ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಬಿರುಕಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಪಂಪು ಹೀರುವ ಕಡೆಯಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಕಡಮೆಯಾಗಬಹುದಾದುದರಿಂದ, ಎಂಜಿನ್ ನಡೆಯುತ್ತಿರುವಾಗ ಎಣ್ಣೆ ಹೊರಬರುವುದರ ಬದಲು ಗಾಳಿ ಒಳಹೋಗುತ್ತದೆ. ಡಬ್ಬಿಯಲ್ಲಿ ನೊರೆ ಕಾಣುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಪಂಪು ಗುಂಯ್ ಎಂದು ನರಳುತ್ತದೆ. ಕೈಗೆ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಬಿಗಿ ಎನಿಸುತ್ತದೆ. ಎಣ್ಣೆಯನ್ನು ಸಂಕುಚಿಸುವುದು ಬಹು ಕಷ್ಟ. ಸಾಮಾನ್ಯ ಒತ್ತಡದ ಗಾಳಿಯನ್ನು ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಸುಲಭವಾಗಿ ಸಂಕುಚಿಸಬಹುದು. ಗುಳ್ಳೆಗಳಿದ್ದಲ್ಲಿ ಪಂಪಿನ ಶ್ರಮವು ಪಿಸ್ಟನ್ನನ್ನು ತಳ್ಳುವುದರ ಬದಲು ಗುಳ್ಳೆಗಳನ್ನು ಅಮುಕುವುದರಲ್ಲಿ ವ್ಯರ್ಥವಾಗುತ್ತದೆ. ಮಟ್ಟ ತೀರ ಇಳಿದಾಗಲೂ ಪಂಪು ಗಾಳಿಯನ್ನು ಹೀರಿ ಇದೇ ಸದ್ದು ಮಾಡುತ್ತದೆ.

ಕಣ್ಣಿಗೆ ಕಾಣದ ಸೋರಿಕೆ

ಜಿನುಗು ತೀರ ಸಣ್ಣದಾದರೆ ಒರೆಸಿ ಒಣಗಿಸಿದ ಭಾಗಗಳ ಮೇಲೆ ಮುಖಕ್ಕೆ ಹಚ್ಚುವ ಬಿಳಿಯ ಪೌಡರನ್ನು ತೆಳ್ಳಗೆ ಉದುರಿಸಿ ಸ್ವಲ್ಪ ದೂರ ಓಡಿಸಿ ಬರಬಹುದು. ಸೋರುವ ಕಡೆಯಲ್ಲಿ ಪೌಡರು ಒದ್ದೆಯಾಗಿ ಗೆರೆ ಮೂಡುತ್ತದೆ. ಪರಿಣತರು ಎಣ್ಣೆಗೆ ಒಂದು ಬಗೆಯ ಬಣ್ಣವನ್ನು ಬೆರೆಸಿ, ಕತ್ತಲೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದು ನೋಡುತ್ತಾರೆ. ಕಣ್ಣಿಗೆ ಕಾಣದ ಕಿರಣವನ್ನು ಆ ಬಣ್ಣವು ಹೀರಿ, ಹೆಚ್ಚು ಅಲೆಯುದ್ದದ ಹಳದಿ ಹಸಿರು ಬೆಳಕಾಗಿ ಹೊರಸೂಸುತ್ತದೆ. ಸೋರಿಕೆಯ ಜಾಡೆಲ್ಲ ಹೊಳೆಯುತ್ತದೆ. ಪ್ರತಿದೀಪ್ತಿ ಎಂದು ಕರೆಯುವ ಈ ಗುಣವನ್ನು ಜಾರ್ಜ್ ಸ್ಟೋಕ್ಸ್ 1852ರಲ್ಲಿ ವಿವರಿಸಿದನು.

ಕೆಲವು ಎಚ್ಚರಿಕೆಗಳು

ಈ ಪರೀಕ್ಷೆಯನ್ನು ವಿದ್ಯಾರ್ಥಿಗಳು ಒಂಟಿಯಾಗಿ ಮಾಡಬಾರದು. ಗಾಡಿಯನ್ನು ಬಲ್ಲ ಹಿರಿಯರು ಜೊತೆಯಲ್ಲಿರಬೇಕು. ಕೈಬ್ರೇಕನ್ನು ಹಾಕಿ ಗಾಲಿಗಳಿಗೆ ಕಲ್ಲನ್ನೋ ಮರದ ತುಂಡನ್ನೋ ಒಡ್ಡಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬಾರದು. ಎಂಜಿನ್ ನಡೆಯುತ್ತಿರುವಾಗ ಸೆರಗು, ದುಪಟ್ಟಾ, ಸಡಿಲ ತೋಳು, ಜಡೆ ಇವು ಬೆಲ್ಟಿನ ಮತ್ತು ಫ್ಯಾನಿನ ಹತ್ತಿರ ಸುಳಿಯಬಾರದು. ಒತ್ತಡದ ಪೈಪನ್ನು ಬರಿಗೈಯಿಂದ ಸವರಿ ಸೋರಿಕೆಯನ್ನು ಹುಡುಕುವುದು ಬಹಳ ಅಪಾಯಕರ. ಸೂಜಿಮೊನೆಯಂಥ ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗಬಲ್ಲದು. ಹೊರಗೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಕೈಯ ಬದಲು ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಎಣ್ಣೆ ತುಂಬುವಾಗ ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತುಂಬಬೇಕು. ಬ್ರೇಕಿನ ದ್ರವವನ್ನು ಸುರಿದರೆ ಸೀಲುಗಳು ಕೆಟ್ಟು, ಒಂದು ಸೋರಿಕೆ ಇದ್ದೆಡೆಯಲ್ಲಿ ಹತ್ತಾಗುತ್ತವೆ.

ಒಂದು ಹನಿಯ ಬೆಲೆ

ಒಂದೊಂದು ಹನಿಗೆ ಇಷ್ಟು ಚಿಂತೆಯೇಕೆ ಎಂದು ಕೇಳಬಹುದು. ಇಪ್ಪತ್ತೈದು ಹನಿಗೆ ಒಂದು ಮಿಲಿಲೀಟರು ಎಂದಿಟ್ಟುಕೊಂಡು, ನಿಮಿಷಕ್ಕೊಂದು ಹನಿ ಎಡೆಬಿಡದೆ ಬೀಳುತ್ತದೆ ಎನ್ನೋಣ. ದಿನಕ್ಕೆ 1440 ಹನಿ, ಅಂದರೆ ಸುಮಾರು 58 ಮಿಲಿಲೀಟರು. ಹದಿನೇಳು ಹದಿನೆಂಟು ದಿನಗಳಲ್ಲಿ ಒಂದು ಲೀಟರು. ಡಬ್ಬಿ ಬರಿದಾಗುವುದಕ್ಕೆ ಅಷ್ಟು ದಿನವೂ ಬೇಕಾಗಿಲ್ಲ. ಎಣ್ಣೆಯು ಕೆಂಪಗೆ ಕಾಯಿದ ಹೊಗೆಕೊಳವೆಯ ಮೇಲೆ ಸುರಿದರೆ ಬೆಂಕಿ ಹತ್ತುವ ಭಯವೂ ಉಂಟು. ಎಣ್ಣೆ ಪೂರ್ತಿ ಹೋದರೂ ಸ್ಟೀರಿಂಗಿಗೂ ಗಾಲಿಗಳಿಗೂ ನಡುವಿನ ಲೋಹದ ಜೋಡಣೆ ಹಾಗೆಯೇ ಇರುತ್ತದೆ. ಕಾರು ತಿರುಗದೆ ಹೋಗುವುದಿಲ್ಲ. ಆದರೆ ತೋಳ್ಬಲ ಬಹಳ ಬೇಕಾಗುತ್ತದೆ, ಅದೂ ಮೆಲ್ಲಗೆ ಹೋಗುವಾಗ ಎಲ್ಲಕ್ಕಿಂತ ಹೆಚ್ಚಾಗಿ. ಆಗುಂಬೆ ಘಾಟಿಯ ಕಡಿದಾದ ತಿರುವುಗಳಲ್ಲಿ ಮೆಲ್ಲಗೆ ಇಳಿಯುತ್ತಿರುವಾಗ ಸ್ಟೀರಿಂಗ್ ಹಠಾತ್ತನೆ ಕಲ್ಲಿನಂತೆ ಬಿಗಿಯಾದರೆ ಚಾಲಕನ ಗತಿ ಏನಾಗಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ನು ಮಿತ್ರರ ಕಾರಿನ ವಿಷಯ. ಎಲ್ಲವನ್ನೂ ಒರೆಸಿ, ರಾತ್ರಿ ರಟ್ಟು ಹಾಸಿ ಬಿಟ್ಟೆವು. ಬೆಳಗ್ಗೆ ರಟ್ಟಿನ ಮೇಲೆ, ಸರಿಯಾಗಿ ರ್‍ಯಾಕಿನ ಕೆಳಗೆ, ನಾಲ್ಕೈದು ಕೆಂಪು ಹನಿಗಳಿದ್ದುವು. ವರ್ಕ್‌ಷಾಪಿನವನು ಕಂಡದ್ದು ಸುಳ್ಳಾಗಿರಲಿಲ್ಲ. ಆದರೆ ರಬ್ಬರ್ ಬೂಟುಗಳನ್ನು ಅಮುಕಿದಾಗ ಒಳಗೆ ದ್ರವದ ಸುಳಿವಿರಲಿಲ್ಲ. ಎಂಜಿನ್ ನಿಂತೇ ಇದ್ದಾಗ ಎಣ್ಣೆ ಬಿದ್ದಿತ್ತಾದುದರಿಂದ, ಒತ್ತಡದ ಭಾಗದ ಮೇಲಿನ ಸಂದೇಹವೂ ಕಡಮೆಯಾಯಿತು. ಒದ್ದೆಯ ಗೆರೆಯನ್ನು ಹಿಡಿದು ಬೆರಳನ್ನು ಮೇಲಕ್ಕೆ ಒಯ್ದೆವು. ರ್‍ಯಾಕಿನಿಂದ ಹಿಂತಿರುಗುವ ಹೋಸ್ ಪೈಪಿನ ಉದ್ದಕ್ಕೂ ಅದು ಏರುತ್ತ ಹೋಗಿ, ಡಬ್ಬಿಯ ಬುಡದಲ್ಲಿ ನಿಂತಿತು. ಅಲ್ಲಿ ಪೈಪಿನ ತುದಿ ಗಡುಸಾಗಿ ಸಣ್ಣಗೆ ಸೀಳಿತ್ತು, ಕ್ಲಿಪ್ಪು ಸಡಿಲವಾಗಿತ್ತು. ಅದಕ್ಕಿಂತ ಮೇಲೆ ಎಲ್ಲವೂ ಒಣಗಿದ್ದಿತು. ಪೈಪು ಮತ್ತು ಕ್ಲಿಪ್ಪನ್ನು ಅದೇ ವರ್ಕ್‌ಷಾಪಿನಲ್ಲಿಯೇ ಬದಲಾಯಿಸಿದರು. ಮತ್ತೆ ಎರಡು ವಾರ ರಟ್ಟು ಹಾಸಿ ನೋಡಿದೆವು. ಅದು ಬಿಳುಪಾಗಿಯೇ ಉಳಿಯಿತು.

ಇದರಲ್ಲಿ ನಮ್ಮ ಜಾಣ್ಮೆಯೇನೂ ಇಲ್ಲ. ಬೂಟಿನೊಳಗೆ ಎಣ್ಣೆ ಸಿಕ್ಕಿದ್ದರೆ ವರ್ಕ್‌ಷಾಪಿನವನ ಮಾತೇ ಸರಿಯಾಗುತ್ತಿತ್ತು. ಮಿತ್ರರು ದೊಡ್ಡ ವೆಚ್ಚವನ್ನು ಸಮಾಧಾನದಿಂದಲೇ ಮಾಡುತ್ತಿದ್ದರು. ತೀರ್ಪು ಯಾವುದೇ ಆಗಲಿ, ಅದು ನೋಡಿದ ಮೇಲೆ ಬರಬೇಕು. ಹನಿ ಬಿದ್ದ ಸ್ಥಳದಿಂದ ಹುಟ್ಟಿದ ಸ್ಥಳಕ್ಕೆ ಹೋಗುವ ಈ ಸಣ್ಣ ದಾರಿಯಲ್ಲಿ ಬೇಕಾದುದು ಒಂದು ಬಟ್ಟೆ, ಒಂದು ರಟ್ಟು, ಸ್ವಲ್ಪ ತಾಳ್ಮೆ. ಇವು ಯಾರ ಮನೆಯಲ್ಲಿಯೂ ದೊರೆಯುತ್ತವೆ.